ಬಾಡಿಗೆ ಗಾಡಿಯೂ ಇನ್ಸೂರೆನ್ಸ್ ಕಾಗದವೂ

ನಮ್ಮ ಹೊಸೂರು, ಡೆಂಕಣಿಕೋಟೆ, ತಳಿ ಸೀಮೆಯಲ್ಲಿ ವರ್ಷಕ್ಕೊಂದು ಸಲವಾದರೂ ಬಾಡಿಗೆ ಗಾಡಿ ಹತ್ತದ ಮನೆ ಅಪರೂಪ. ಮಾದಪ್ಪನ ಬೆಟ್ಟ, ತಿರುಪತಿ, ಧರ್ಮಸ್ಥಳ, ಮಾಲೆ ಹಾಕಿದವರಿಗೆ ಶಬರಿಮಲೆ, ಇಲ್ಲವಾದರೆ ಯಾರದೋ ಮದುವೆ. ಗಾಡಿ ಗೊತ್ತು ಮಾಡುವಾಗ ನಾವು ಕೇಳೋದು ಮೂರೇ ಮಾತು: ಕಿಲೋಮೀಟರಿಗೆ ಎಷ್ಟು, ಡ್ರೈವರ್ ಬಾಟಾ ಎಷ್ಟು, ಏಸಿ ಇದೆಯಾ. ಇನ್ಸೂರೆನ್ಸ್ ಯಾವ ತರದ್ದು ಅಂತ ಕೇಳಿದವರನ್ನು ನಾನು ಕಂಡಿಲ್ಲ. ಹೊರಡೋ ಹೊತ್ತಿಗೆ ಆ ಮಾತೆತ್ತಿದರೆ ಅಪಶಕುನ ಅನ್ನುವವರೂ ಇದ್ದಾರೆ. ಆದರೆ ಆ ಕಾಗದದ ಒಂದೊಂದು ಸಾಲಿನ ಹಿಂದೆಯೂ ಯಾರದೋ ಸಾವು, ಯಾರದೋ ಕೋರ್ಟು ಅಲೆದಾಟ ಇದೆ. ಅದರ ಚರಿತ್ರೆಯನ್ನು ತಿಳಿದಷ್ಟು ಬರೆಯುತ್ತೇನೆ.

ಮೋಟಾರು ಬಂದ ಹೊಸದರಲ್ಲಿ ವಿಮೆ ಕಡ್ಡಾಯ ಇರಲಿಲ್ಲ. 1914ರ ಇಂಡಿಯನ್ ಮೋಟಾರ್ ವೆಹಿಕಲ್ಸ್ ಆ್ಯಕ್ಟಿನಲ್ಲಿ ಆ ಮಾತೇ ಇಲ್ಲ. ಗುದ್ದಿದವನ ಹತ್ತಿರ ದುಡ್ಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಗ್ಲೆಂಡಿನಲ್ಲಿ 1930ರಲ್ಲಿ ರಸ್ತೆಯಲ್ಲಿ ಹೋಗುವವರ ಪರವಾಗಿ ವಿಮೆಯನ್ನು ಕಡ್ಡಾಯ ಮಾಡಿದರು. ಅದನ್ನು ನೋಡಿಕೊಂಡು ಇಲ್ಲಿ 1939ರ ಮೋಟಾರ್ ವಾಹನ ಕಾಯಿದೆ ಬಂತು. ಆಗ ನಮ್ಮ ಹೊಸೂರು ಸೇಲಂ ಜಿಲ್ಲೆಯ ಒಂದು ತಾಲ್ಲೂಕು. ಇದೇ ತಾಲ್ಲೂಕಿನ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿ ಆ ವರ್ಷ ಮದ್ರಾಸಿನಲ್ಲಿ ಪ್ರಧಾನಿ. ಮುಖ್ಯಮಂತ್ರಿಗೆ ಆಗಿನ ಹೆಸರು ಅದು. ಕಾಯಿದೆ ಬಂತೇನೋ ಸರಿ, ಅದರ ವಿಮೆಯ ಅಧ್ಯಾಯ ಮಾತ್ರ ಜಾರಿಗೆ ಬರಲು 1946ರ ಜುಲೈ 1ರವರೆಗೆ ಕಾಯಬೇಕಾಯಿತು. ನಡುವೆ ಒಂದು ಮಹಾಯುದ್ಧವೇ ಮುಗಿದಿತ್ತು.

ಆ ಕಾಯಿದೆ ಪ್ರಯಾಣಿಕನ ಜೀವಕ್ಕೆ ಕಟ್ಟಿದ ಬೆಲೆ ನೋಡಿ. ಆರು ಜನಕ್ಕೆ ಮೀರದ ಬಾಡಿಗೆ ಕಾರಿನಲ್ಲಿ ಹೋಗುವವನಿಗೆ ವಿಮೆ ಕಂಪನಿ ಕೊಡಬೇಕಾದದ್ದು ಹೆಚ್ಚೆಂದರೆ 4,000 ರೂಪಾಯಿ. ಅದಕ್ಕಿಂತ ದೊಡ್ಡ ಗಾಡಿ, ಅಂದರೆ ಬಸ್ಸಿನಲ್ಲಿ ಹೋಗುವವನಿಗೆ 2,000. ಗಾಡಿಯಲ್ಲಿದ್ದ ಅಷ್ಟೂ ಜನಕ್ಕೆ ಸೇರಿಸಿ 20,000 ದಾಟುವ ಹಾಗಿಲ್ಲ. ಒಂದೇ ಗುಂಡಿಗೆ ಬಿದ್ದು ಸತ್ತರೂ ಕಾರಿನಲ್ಲಿ ಕೂತವನ ಜೀವ ಬಸ್ಸಿನವನ ಜೀವದ ಎರಡರಷ್ಟು! 1969ರ ತಿದ್ದುಪಡಿಯಲ್ಲಿ ಟ್ಯಾಕ್ಸಿಗೆ 10,000, ಬಸ್ಸಿಗೆ 5,000 ಆಯಿತು. ಬೆಲೆ ಏರಿತು, ಭೇದ ಹೋಗಲಿಲ್ಲ. 1982ರಲ್ಲಿ ಎಲ್ಲರಿಗೂ 15,000 ಅಂತ ಸಮ ಮಾಡಿದರು. 1988ರ ಹೊಸ ಕಾಯಿದೆ 1989ರ ಜುಲೈ 1ರಿಂದ ಜಾರಿಗೆ ಬಂದಾಗ ಸಾವು ನೋವಿನ ಪರಿಹಾರಕ್ಕೆ ಇದ್ದ ಈ ಮಿತಿಯೇ ಹೋಯಿತು. ಸತ್ತವನ ವಯಸ್ಸೆಷ್ಟು, ದುಡಿಮೆ ಎಷ್ಟು, ನಂಬಿದವರು ಎಷ್ಟು ಮಂದಿ ಅಂತ ಲೆಕ್ಕ ಹಾಕಿ ಟ್ರಿಬ್ಯೂನಲ್ ಹೇಳಿದಷ್ಟು ಕಂಪನಿ ಕೊಡಬೇಕು. ಆ ಟ್ರಿಬ್ಯೂನಲ್ಲೂ 1956ರ ತಿದ್ದುಪಡಿಯಿಂದ ಬಂದದ್ದು. ಅದಕ್ಕೆ ಮೊದಲು ಸಿವಿಲ್ ಕೋರ್ಟಿಗೆ ಹೋಗಿ ಕೋರ್ಟ್ ಫೀಸು ಕಟ್ಟಿ ದಾವೆ ಹೂಡಬೇಕಿತ್ತು.

ವಿಮೆ ಕಂಪನಿಗಳ ಕಥೆಯನ್ನು ಎರಡೇ ಮಾತಲ್ಲಿ ಹೇಳಿಬಿಡಬಹುದು. 1973ರ ಜನವರಿ 1ರಿಂದ ಸರಕಾರ 107 ಕಂಪನಿಗಳನ್ನು ಸೇರಿಸಿ ನಾಲ್ಕು ಮಾಡಿತು. ಅದರಲ್ಲಿ ಯುನೈಟೆಡ್ ಇಂಡಿಯಾದ ಮುಖ್ಯ ಕಚೇರಿ ಚೆನ್ನೈ. 2000ದಿಂದ ಖಾಸಗಿಯವರು ಮತ್ತೆ ಬಂದರು. 2007ರಿಂದ ಗಾಡಿಗೆ ಆಗುವ ನಷ್ಟದ ವಿಮೆಗೆ ಕಂಪನಿಗಳೇ ದರ ಇಡತೊಡಗಿದವು. ಅಂದಿನಿಂದ ತರಹೇವಾರಿ ಪಾಲಿಸಿ, ತರಹೇವಾರಿ ಹೆಸರು.

ನಮಗೆ ಬೇಕಾದ ಮಾತು ಬೋರ್ಡಿನ ಬಣ್ಣದ್ದು. ಹಳದಿ ಬೋರ್ಡಿನ ಗಾಡಿಗೆ ಬಾಡಿಗೆಗೆ ಓಡುವ ಪರ್ಮಿಟ್ ಇರುತ್ತದೆ. ಅಂಥ ಗಾಡಿಯ ಪ್ರಯಾಣಿಕರ ಜೀವಕ್ಕೆ ವಿಮೆ ಮಾಡಿಸೋದು ಕಾಯಿದೆಯಲ್ಲೇ ಕಡ್ಡಾಯ. ಮಾಲೀಕ ಬರೀ ಥರ್ಡ್ ಪಾರ್ಟಿ ಕಟ್ಟಿದ್ದರೂ ಒಳಗೆ ಕೂತ ನಾವು ಅದರಲ್ಲಿ ಸೇರುತ್ತೇವೆ. ಬಿಳಿ ಬೋರ್ಡು ಹಾಗಲ್ಲ. ಅದಕ್ಕೆ ಬರೀ ಥರ್ಡ್ ಪಾರ್ಟಿ ಇದ್ದರೆ ಒಳಗೆ ಕೂತವರಿಗೆ ರಕ್ಷೆ ಇಲ್ಲ ಅಂತ ಸುಪ್ರೀಂ ಕೋರ್ಟು 2006ರಲ್ಲಿ ಸ್ಕೂಟರಿನ ಹಿಂದೆ ಕೂತಿದ್ದವನ ಪ್ರಕರಣದಿಂದ ಈಚೆಗೆ ಹೇಳುತ್ತಾ ಬಂದಿದೆ. ನಾವು ಫುಲ್ ಇನ್ಸೂರೆನ್ಸ್ ಅನ್ನುತ್ತೇವಲ್ಲ, ಆ ಪ್ಯಾಕೇಜ್ ಪಾಲಿಸಿಯಲ್ಲಿ ಕಾರಿನೊಳಗಿನವರು ಸೇರುತ್ತಾರೆ ಅಂತ 2009ರಲ್ಲಿ ವಿಮಾ ಪ್ರಾಧಿಕಾರ ಸುತ್ತೋಲೆ ಹೊರಡಿಸಿತು. ಆದರೆ ಬಿಳಿ ಬೋರ್ಡನ್ನು ಬಾಡಿಗೆಗೆ ಓಡಿಸಿದಿರಿ ಅಂತ ಗೊತ್ತಾದರೆ ಕಂಪನಿಗೆ ತಪ್ಪಿಸಿಕೊಳ್ಳಲು ಬಾಗಿಲು ಸಿಕ್ಕ ಹಾಗೆ. ಪರ್ಮಿಟ್ ಇಲ್ಲದ ಗಾಡಿಯನ್ನು ಬಾಡಿಗೆಗೆ ಬಿಟ್ಟರೆ ಕಂಪನಿ ಆ ಮಾತು ಹಿಡಿದು ವಾದ ಮಾಡಬಹುದು ಅನ್ನೋದು 1939ರ ಕಾಯಿದೆಯಲ್ಲೂ ಇತ್ತು, ಈಗಲೂ ಇದೆ. “ಯಾರಾದರೂ ಕೇಳಿದರೆ ನೆಂಟರು ಅಂತ ಹೇಳಿಬಿಡಿ” ಅಂತ ಡ್ರೈವರ್ ಅತ್ತಿಬೆಲೆ ದಾಟುವ ಮುಂಚೆ ಹೇಳಿಕೊಡುವುದನ್ನು ಕೇಳದವರು ಯಾರು? ಕಿಲೋಮೀಟರಿಗೆ ಎರಡು ಮೂರು ರೂಪಾಯಿ ಉಳಿಯುತ್ತದೆ ಅಂತ ನಾವೂ ತಲೆ ಆಡಿಸುತ್ತೇವೆ.

ಇದಕ್ಕಿಂತ ಕೆಟ್ಟದ್ದು ಸಾಮಾನು ಸಾಗಿಸುವ ಗಾಡಿಯಲ್ಲಿ ಜನ ಹೋಗೋದು. ಹಿಂದೆ ಲಾರಿ ಇತ್ತು. ಈಗ ನಮ್ಮ ಕಡೆ ಕುಟ್ಟಿ ಯಾನೆ ಅಂತ ಕರೆಯುವ ಟಾಟಾ ಏಸ್. ಬೀಗರೂಟಕ್ಕೆ, ಹರಕೆಗೆ, ಕೊನೆಗೆ ಸಾವಿನ ಮನೆಗೂ ಅದರ ಹಿಂದೆ ಇಪ್ಪತ್ತು ಜನ ನಿಂತು ಹೋಗುತ್ತಾರೆ. 1994ರ ತಿದ್ದುಪಡಿ ಸಾಮಾನಿನ ಯಜಮಾನನನ್ನೂ ಅವನ ಕಡೆಯವನನ್ನೂ ವಿಮೆಯ ಒಳಗೆ ತಂದಿತು. ಟೊಮ್ಯಾಟೊ ಕ್ರೇಟಿನ ಜೊತೆ ಮಾರ್ಕೆಟ್ಟಿಗೆ ಹೋಗುವ ರೈತನಿಗೆ ಅದರಿಂದ ದೊಡ್ಡ ಉಪಕಾರ. ಸುಮ್ಮನೆ ಹತ್ತಿಕೊಂಡವರ ಗತಿ ಏನು? 1999ರಲ್ಲಿ ಸುಪ್ರೀಂ ಕೋರ್ಟು ಅವರಿಗೂ ಉಂಟು ಎಂದಿತು. ಮೂರೇ ವರ್ಷಕ್ಕೆ, 2002ರ ಡಿಸೆಂಬರಿನಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಇನ್ನೂ ದೊಡ್ಡ ಪೀಠ ಆ ತೀರ್ಪನ್ನು ಅಳಿಸಿ, ಇಲ್ಲ ಎಂದಿತು. ಅಲ್ಲಿಂದೀಚೆಗೆ ಸಾಮಾನಿನ ಗಾಡಿಯಲ್ಲಿ ಹೋಗಿ ಸತ್ತವರ ಮನೆಯವರು ಗಾಡಿ ಯಜಮಾನನನ್ನೇ ಹಿಡಿಯಬೇಕು. ಅವನ ಹತ್ತಿರ ಇರೋದು ಸಾಲದ ಗಾಡಿ ಒಂದೇ. ಕೆಲವು ಪ್ರಕರಣಗಳಲ್ಲಿ ಕಂಪನಿ ಮೊದಲು ಕೊಡಲಿ, ಆಮೇಲೆ ಯಜಮಾನನಿಂದ ವಸೂಲು ಮಾಡಿಕೊಳ್ಳಲಿ ಅಂತ ಕೋರ್ಟು ಕರುಣೆ ತೋರಿಸಿದ್ದುಂಟು. ಅದು ಕರುಣೆ, ಹಕ್ಕಲ್ಲ.

ಹಳದಿ ಬೋರ್ಡಿನಲ್ಲೂ ಸೀಟು ಎಣಿಸಬೇಕು. ಹಿಮಾಚಲದಲ್ಲಿ 42 ಜನಕ್ಕೆ ವಿಮೆ ಇದ್ದ ಬಸ್ಸಿಗೆ 90 ಜನ ತುಂಬಿ ಅಪಘಾತವಾಯಿತು. 2007ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ವಿಚಿತ್ರ, ಆದರೆ ನ್ಯಾಯವಾಗಿದೆ ಅಂತ ನನಗನಿಸುತ್ತದೆ: ದೊಡ್ಡ ಮೊತ್ತದ 42 ಪರಿಹಾರಗಳನ್ನು ಕೂಡಿಸಿ ಅಷ್ಟನ್ನು ಕಂಪನಿ ಕಟ್ಟಲಿ, ಅದನ್ನು ಎಲ್ಲರೂ ಪಾಲು ಪ್ರಕಾರ ಹಂಚಿಕೊಳ್ಳಲಿ, ಉಳಿದದ್ದಕ್ಕೆ ಯಜಮಾನ ಹೊಣೆ. ಏಳು ಸೀಟಿನ ಗಾಡಿಗೆ ಹನ್ನೊಂದು ಜನ ಹತ್ತಿದರೆ, ಮೊದಲು ಹತ್ತಿದ ಏಳು ಮಂದಿಯ ಪಾಲೂ ಕರಗುತ್ತದೆ ಅಂತಾಯಿತು.

ಈಗಿನ ಹುಡುಗರಿಗೆ ಡ್ರೈವರೇ ಬೇಡ, ಬೆಂಗಳೂರಿಂದ ಸೆಲ್ಫ್ ಡ್ರೈವ್ ಕಾರು ತರುತ್ತಾರೆ. ಇದಕ್ಕೆ 1989ರ ರೆಂಟ್ ಎ ಕ್ಯಾಬ್ ಯೋಜನೆ ದಾರಿ ಮಾಡಿಕೊಟ್ಟಿತು. ಅಂಥ ಗಾಡಿಗೆ ಕರಿ ಬೋರ್ಡು, ಹಳದಿ ಅಕ್ಷರ. ಬಿಳಿ ಬೋರ್ಡಿನ ಕಾರನ್ನು ಹೀಗೆ ಕೊಟ್ಟರೆ ಮೇಲೆ ಹೇಳಿದ ತಕರಾರೇ ಬರುತ್ತದೆ. ಡ್ರೈವರ್ ಇರುವ ಗಾಡಿ ನಜ್ಜುಗುಜ್ಜಾದರೆ ಅದು ಯಜಮಾನನ ತಲೆನೋವು. ಇಲ್ಲಿ ಹಾಗಲ್ಲ, ಕರಾರಿಗೆ ಸಹಿ ಹಾಕಿದವನ ತಲೆನೋವು. ಎಷ್ಟು ರೂಪಾಯಿವರೆಗೆ ಬಾಡಿಗೆಯವನು ತೆರಬೇಕು, ಟೈರು, ಗಾಜು, ಗಾಡಿಯ ತಳಕ್ಕೆ ಪೆಟ್ಟಾದರೆ ಯಾರು ತೆರಬೇಕು ಅನ್ನೋದು ಆ ಕರಾರಿನಲ್ಲಿರುತ್ತದೆ, ಪಾಲಿಸಿಯಲ್ಲಿ ಅಲ್ಲ. ದಿನಕ್ಕೆ ಇಷ್ಟು ಹೆಚ್ಚು ಕೊಟ್ಟರೆ ಆ ಹೊಣೆ ಕಡಿಮೆ ಅಂತ ಒಂದು ಆಯ್ಕೆ ಇಟ್ಟಿರುತ್ತಾರೆ. ಮಳೆಗಾಲದಲ್ಲಿ ಘಾಟಿ ಹತ್ತುವವರಿಗೆ ಆ ದುಡ್ಡು ದಂಡವಲ್ಲ. ಇನ್ನೊಂದು ವಿಷಯ. ಕರ್ನಾಟಕದಲ್ಲಿ ಒಬ್ಬ ಬೇರೆಯವರ ಮೋಟಾರ್ ಸೈಕಲ್ ತೆಗೆದುಕೊಂಡು ಹೋಗುವಾಗ ಮುಂದಿದ್ದ ಎತ್ತಿನ ಗಾಡಿಗೆ ಗುದ್ದಿ ಸತ್ತ. ಕೇಳಿ ತಂದು ಓಡಿಸಿದವನು ಯಜಮಾನನ ಜಾಗದಲ್ಲಿ ನಿಂತ ಹಾಗೆ, ಆದ್ದರಿಂದ ಅವನ ಮನೆಯವರು ಆ ಕಾಯಿದೆಯ ಕಲಮಿನಲ್ಲಿ ಪರಿಹಾರ ಕೇಳುವ ಹಾಗಿಲ್ಲ ಅಂತ 2009ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹೀಗಾಗಿ ಸ್ಟಿಯರಿಂಗ್ ಹಿಡಿಯುವ ಹುಡುಗನ ಹೆಸರಲ್ಲಿ ಬೇರೆಯೇ ಒಂದು ಅಪಘಾತ ವಿಮೆ ಇದ್ದರೆ ಒಳ್ಳೆಯದು.

ಮಳೆಗಾಲ ಅಂದೆನಲ್ಲ. ಮಳೆ ಕಡಿಮೆ ಇರುವ ಸೀಮೆ ನಮ್ಮದು, ಪ್ರವಾಹ ಏನಿದ್ದರೂ ಕಡಲ ಕಡೆಯವರಿಗೆ ಅಂತ ನಂಬಿಕೊಂಡಿದ್ದೆವು. 2024ರ ಡಿಸೆಂಬರ್ ಮೊದಲಲ್ಲಿ ಫೆಂಗಲ್ ಚಂಡಮಾರುತ ನಮ್ಮ ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಒಂದೇ ದಿನಕ್ಕೆ ಸುಮಾರು 50 ಸೆಂಟಿಮೀಟರ್ ಮಳೆ ಸುರಿಸಿತು. ರಸ್ತೆ ಬದಿ ನಿಲ್ಲಿಸಿದ್ದ ವ್ಯಾನು, ಕಾರುಗಳು ಕಾಗದದ ದೋಣಿ ಹಾಗೆ ತೇಲಿಹೋದದ್ದನ್ನು ಇಡೀ ದೇಶ ಮೊಬೈಲಿನಲ್ಲಿ ನೋಡಿತು. ಅವು ಬಾಡಿಗೆಗೆ ಓಡಿ ಹೊಟ್ಟೆ ಹೊರೆಯುವ ಗಾಡಿಗಳು. ಬರೀ ಥರ್ಡ್ ಪಾರ್ಟಿ ಇದ್ದವನಿಗೆ ಇಂಥದ್ದರಲ್ಲಿ ಒಂದು ರೂಪಾಯಿ ಬರುವುದಿಲ್ಲ. ಪ್ಯಾಕೇಜ್ ಪಾಲಿಸಿಯಲ್ಲಿ ನೆರೆ, ಬಿರುಗಾಳಿ, ಆಲಿಕಲ್ಲು, ಭೂಕಂಪ, ಗುಡ್ಡ ಕುಸಿತ, ಬಂಡೆ ಉರುಳುವುದು, ಗಲಭೆ ಎಲ್ಲವೂ ಸೇರಿವೆ. ಸೇರಿದ್ದರೂ ರಬ್ಬರ್, ಪ್ಲಾಸ್ಟಿಕ್ ಭಾಗ, ಟೈರು, ಬ್ಯಾಟರಿಗೆ ಅರ್ಧ ಬೆಲೆ ಕಡಿತ. ಪೂರ್ತಿ ಬೇಕಾದರೆ ಹೆಚ್ಚಿನ ಪ್ರೀಮಿಯಂ ಕಟ್ಟಿ ಬಂಪರ್ ಟು ಬಂಪರ್ ಮಾಡಿಸಬೇಕು. ಎಂಜಿನ್ನಿನದು ಬೇರೆ ಕಥೆ. ನಿಂತ ನೀರಲ್ಲಿ ಗಾಡಿ ಆಫ್ ಆದಾಗ ಮತ್ತೆ ಸೆಲ್ಫ್ ಹೊಡೆದರೆ ಸಿಲಿಂಡರಿಗೆ ನೀರು ಎಳೆದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ಬಂದದ್ದು ದೈವದ್ದು, ಸೆಲ್ಫ್ ಹೊಡೆದದ್ದು ನಿನ್ನದು ಅಂತ ಕಂಪನಿ ಅದಕ್ಕೆ ಕೈ ಎತ್ತುತ್ತದೆ, ಎಂಜಿನ್ನಿನ ಕವರ್ ಬೇರೆ ತೆಗೆದುಕೊಂಡಿದ್ದರೆ ಮಾತ್ರ ಬೇರೆ ಮಾತು. ಗಾಡಿಯನ್ನು ತಳ್ಳಿ, ಇಲ್ಲವೇ ಹಗ್ಗ ಕಟ್ಟಿ ಎಳೆಸಬೇಕು, ಕೀ ಮುಟ್ಟಬಾರದು.

ಗಾಡಿ ಗೊತ್ತು ಮಾಡುವ ದಿನ ಐದು ನಿಮಿಷದ ಕೆಲಸ ಇದು. ಗಾಡಿಯ ನಂಬರನ್ನು ಸರಕಾರದ ಎಂಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ಇನ್ಸೂರೆನ್ಸ್ ಯಾವ ತಾರೀಖಿನವರೆಗೆ ಅಂತ ಬರುತ್ತದೆ. ನಮ್ಮ ಮನೆಯ ಎಂಟನೇ ಕ್ಲಾಸಿನ ಮಕ್ಕಳೂ ನೋಡಿ ಹೇಳುತ್ತಾರೆ. ಅದು ಥರ್ಡ್ ಪಾರ್ಟಿಯೋ ಪ್ಯಾಕೇಜೋ, ಎಷ್ಟು ಸೀಟಿಗೆ ಅನ್ನೋದನ್ನು ಮಾತ್ರ ಪಾಲಿಸಿ ಕಾಗದದಲ್ಲೇ ನೋಡಬೇಕು. ಡ್ರೈವರಣ್ಣನ ಹತ್ತಿರ ಫೋನಿನಲ್ಲಿ ಒಂದು ಫೋಟೋ ಇದ್ದೇ ಇರುತ್ತದೆ, ಅದನ್ನು ಇಸಿದುಕೊಂಡು ಊರಲ್ಲೇ ಉಳಿಯುವ ಒಬ್ಬರಿಗೆ ಕಳಿಸಿಟ್ಟು ಹೊರಡುವುದು ಮೇಲು. 1994ರಲ್ಲಿ ತೆಗೆದುಹಾಕಿದ್ದ ಗಡುವನ್ನು 2019ರ ತಿದ್ದುಪಡಿ ಮತ್ತೆ ತಂದಿದೆ: ಅಪಘಾತವಾದ ಆರು ತಿಂಗಳೊಳಗೆ ಟ್ರಿಬ್ಯೂನಲ್ಲಿಗೆ ಅರ್ಜಿ ಹಾಕಬೇಕು. ತಿಥಿ, ಆಸ್ಪತ್ರೆ, ಸಾಲ ಅಂತ ಓಡಾಡುವ ಮನೆಗೆ ಆರು ತಿಂಗಳು ಕಳೆದದ್ದೇ ತಿಳಿಯುವುದಿಲ್ಲ. ಆಗ ಆ ಫೋಟೋ ಊರಲ್ಲಿದ್ದವರ ಕೈಯಲ್ಲಿ ಇದ್ದರೆ ಅರ್ಜಿ ಬರೆಯುವವರು ಬೇರೆಯವರಾದರೂ ಆದೀತು.