ಕೈಕೊಟ್ಟ ಕೀಲು, ಕೈಹಿಡಿದ ಸ್ನಾಯು

ಏಳೆಂಟು ತಿಂಗಳ ಲ್ಯಾಬ್ರಡಾರ್ ಮರಿ. ಮೊನ್ನೆ ಮೊನ್ನೆಯವರೆಗೆ ಮನೆ ತುಂಬ ಓಡಾಡಿಕೊಂಡಿದ್ದುದು ಈಗ ಮಲಗಿದಲ್ಲಿಂದ ಏಳಲು ತಿಣುಕುತ್ತದೆ. ಮೆಟ್ಟಿಲ ಬುಡದಲ್ಲಿ ನಿಂತು ಸುಮ್ಮನೆ ಮೇಲೆ ನೋಡುತ್ತದೆ. ಓಡುವಾಗ ಹಿಂಗಾಲೆರಡನ್ನೂ ಜೋಡಿಸಿ ಮೊಲದಂತೆ ಕುಪ್ಪಳಿಸುತ್ತದೆ. ಮಕ್ಕಳು ಅದನ್ನು ಆಟವೆಂದು ನಗುತ್ತಾರೆ. ಪಶುವೈದ್ಯರು ಎಕ್ಸ್‌ರೇ ತೆಗೆಸಿ ‘ಹಿಪ್ ಡಿಸ್‌ಪ್ಲೇಸಿಯಾ’ ಎಂದ ಮೇಲೆ ಮನೆಯಲ್ಲಿ ನಗು ಇರುವುದಿಲ್ಲ.

ತೊಡೆಮೂಳೆಯ ಉರುಟು ತಲೆ ಸೊಂಟದ ಮೂಳೆಯ ಗುಳಿಯೊಳಗೆ ಭದ್ರವಾಗಿ ಕೂತಿರಬೇಕು. ಈ ತೊಂದರೆಯಲ್ಲಿ ಗುಳಿ ಆಳವಿರುವುದಿಲ್ಲ, ಹಿಡಿತ ಸಡಿಲ. ಹೆಜ್ಜೆ ಹೆಜ್ಜೆಗೂ ಮೂಳೆ ಅತ್ತಿತ್ತ ಜಾರಿ, ಮೃದ್ವಸ್ಥಿ ಸವೆದು, ಕಡೆಗೆ ಸಂಧಿವಾತ ನೆಲೆಯೂರುತ್ತದೆ. ದೊಡ್ಡ ಜಾತಿಯ ನಾಯಿಗಳಲ್ಲಿ, ಅಂದರೆ ನಮ್ಮಲ್ಲಿ ಹಿಂದಿನವರು ‘ಅಲ್ಸೇಷಿಯನ್’ ಎಂದೇ ಕರೆಯುತ್ತಿದ್ದ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಸೇಂಟ್ ಬರ್ನಾರ್ಡ್ ಮುಂತಾದವುಗಳಲ್ಲಿ ಇದು ಹೆಚ್ಚು.

ನಾಯಿ ಮನುಷ್ಯನ ಜೊತೆಗಿದ್ದು ಸಾವಿರಾರು ವರ್ಷಗಳಾದರೂ ಈ ರೋಗಕ್ಕೆ ಹೆಸರು ಸಿಕ್ಕಿ ಇನ್ನೂ ನೂರು ವರ್ಷವಾಗಿಲ್ಲ. ಅಮೆರಿಕದ ಬಾಸ್ಟನ್ ನಗರದ ಪಶುವೈದ್ಯ ಗೆರಿ ಶ್ನೆಲ್ 1935ರಲ್ಲಿ ಮೊದಲು ಇದನ್ನು ವರ್ಣಿಸಿದರು. ಬಲು ಅಪರೂಪದ ದೋಷವೆಂದೇ ಅವರು ಆಗ ತಿಳಿದಿದ್ದರು. ಎಕ್ಸ್‌ರೇ ಬಳಕೆ ಹೆಚ್ಚಿದಂತೆ ಎಲ್ಲೆಡೆ ಇದೇ ಕಾಣತೊಡಗಿತು. ರೋಗ ಹೊಸದಾಗಿರಲಿಲ್ಲ, ನೋಡುವ ಕಣ್ಣು ಹೊಸದಾಗಿತ್ತು.

ಆಗ ಎಲ್ಲರ ದೃಷ್ಟಿ ಮೂಳೆಯ ಮೇಲೆ. ಅಮೆರಿಕದ ಉದ್ಯಮಿ ಜಾನ್ ಓಲಿನ್ ಬೇಟೆಗೆಂದು ಒಳ್ಳೊಳ್ಳೆಯ ಲ್ಯಾಬ್ರಡಾರ್‌ಗಳನ್ನು ಸಾಕಿದ್ದವರು. (ತಮ್ಮ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ತಿರುಗುಮುರುಗು ಮಾಡಿ ನಾಯಿಧಾಮಕ್ಕೆ ‘ನೈಲೊ’ ಎಂದು ಹೆಸರಿಟ್ಟಿದ್ದರು.) ಅವರ ನಾಯಿಗಳಲ್ಲೂ ಈ ದೋಷ ಕಂಡಿತು. ಅವರ ಮುತುವರ್ಜಿಯಿಂದ 1966ರಲ್ಲಿ ‘ಆರ್ಥೋಪೆಡಿಕ್ ಫೌಂಡೇಷನ್ ಫಾರ್ ಅನಿಮಲ್ಸ್’ ಹುಟ್ಟಿಕೊಂಡಿತು. ಎರಡು ವರ್ಷ ತುಂಬಿದ ನಾಯಿಯ ಸೊಂಟದ ಎಕ್ಸ್‌ರೇ ನೋಡಿ ಏಳು ದರ್ಜೆಗಳಲ್ಲಿ ಒಂದನ್ನು ಕೊಡುವುದು, ಒಳ್ಳೆಯ ದರ್ಜೆಯವನ್ನಷ್ಟೇ ಮರಿ ಮಾಡಿಸುವುದು ಇಲ್ಲಿನ ಉಪಾಯ. ಉಪಾಯವೇನೋ ಸರಿ. ಆದರೆ ಇದು ಒಂದೇ ಜೀನ್‌ನ ದೋಷವಲ್ಲ, ಹಲವಾರು ಜೀನ್‌ಗಳು ಸೇರಿ ಮಾಡಿದ್ದು. ಹೀಗಾಗಿ ತಂದೆತಾಯಿ ಎರಡೂ ಚೆನ್ನಾಗಿದ್ದರೂ ಮರಿಗೆ ಬರಬಹುದು. ಬಂದ ಮರಿಯ ಗತಿಯೇನು? ಬಹುಕಾಲ ಅದಕ್ಕಿದ್ದ ಉತ್ತರ ನೋವಿನ ಮಾತ್ರೆ, ಶಸ್ತ್ರಚಿಕಿತ್ಸೆ, ಇಲ್ಲವೇ ದಯಾಮರಣ.

ದೃಷ್ಟಿಯನ್ನು ಮೂಳೆಯಿಂದ ಸ್ನಾಯುವಿನ ಕಡೆಗೆ ತಿರುಗಿಸಿದವರಲ್ಲಿ ವೇಯ್ನ್ ರೈಸರ್ ಪ್ರಮುಖರು. 1967ರಲ್ಲಿ ಅವರು ಸಹೋದ್ಯೋಗಿಯೊಡನೆ 95 ನಾಯಿಗಳ ಸೊಂಟದ ಸುತ್ತಲಿನ ಸ್ನಾಯುವಿನ ಪ್ರಮಾಣವನ್ನು ಅಳೆದು ಪ್ರಕಟಿಸಿದರು. ಸ್ನಾಯು ತುಂಬಿಕೊಂಡ ನಾಯಿಗಳಲ್ಲಿ ಕೀಲು ಗಟ್ಟಿ, ಸ್ನಾಯು ಕಡಿಮೆಯಿದ್ದವುಗಳಲ್ಲಿ ಸಡಿಲ. ಓಟದ ಗ್ರೇಹೌಂಡ್‌ಗಳಲ್ಲಿ ರೋಗ ಇಲ್ಲವೆನ್ನುವಷ್ಟು ವಿರಳ. ಮುಧೋಳ ನಾಯಿಯ ತೊಡೆಯನ್ನು ಕಂಡವರಿಗೆ ಗ್ರೇಹೌಂಡ್ ಮೈಕಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಿ ಹುಟ್ಟುವಾಗ ಕೀಲು ಸರಿಯಾಗಿಯೇ ಇರುತ್ತದೆ, ಮೂಳೆ ಬೆಳೆಯುವ ವೇಗಕ್ಕೆ ಸ್ನಾಯು ಸಾಟಿಯಾಗದಾಗ ಕೆಡುತ್ತದೆ ಎಂಬುದು ರೈಸರ್ ವಾದ. ರೋಗಕ್ಕೆ ಅದೊಂದೇ ಕಾರಣವೆಂದು ಇಂದು ಯಾರೂ ಹೇಳುವುದಿಲ್ಲ. ಆದರೆ ಕೀಲನ್ನು ಹಿಡಿದಿಡುವುದರಲ್ಲಿ ಸ್ನಾಯುವಿನ ಪಾತ್ರ ದೊಡ್ಡದೆಂಬುದು ಉಳಿದುಕೊಂಡಿತು. ತೊಡೆಮೂಳೆಯ ತಲೆಯನ್ನೇ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯ ಬಳಿಕವೂ ನಾಯಿ ನಡೆಯುವುದು ಸುತ್ತಲಿನ ಸ್ನಾಯುವಿನ ಬಲದಿಂದಲೇ ಅಲ್ಲವೇ?

ಸ್ನಾಯು ಬಲಪಡಿಸುವ ವಿದ್ಯೆ ನಾಯಿಗೆ ನೇರವಾಗಿ ಬಂದುದಲ್ಲ. ಮೊದಲು ಮನುಷ್ಯ, ಆಮೇಲೆ ಕುದುರೆ, ಕೊನೆಗೆ ನಾಯಿ. ಮೊದಲ ಮಹಾಯುದ್ಧದ ಗಾಯಾಳುಗಳಿಂದಾಗಿ ಫಿಜಿಯೋಥೆರಪಿಗೆ ಬೆಲೆ ಬಂತು. ಲಂಡನ್ನಿನ ಫಿಜಿಯೋಥೆರಪಿಸ್ಟ್ ಚಾರ್ಲ್ಸ್ ಸ್ಟ್ರಾಂಗ್ ಅದನ್ನು 1930ರ ದಶಕದ ಕೊನೆಗೆ ಕುದುರೆಗಳಿಗೂ ಒಯ್ದರು. ಪ್ರೇರಣೆ ಕೊಟ್ಟವರು ಮುಂದೆ ಭಾರತದ ಕೊನೆಯ ವೈಸರಾಯ್ ಆದ ಮೌಂಟ್‌ಬ್ಯಾಟನ್. ತಮಗೆ ಗುಣ ತಂದ ಚಿಕಿತ್ಸೆ ತಮ್ಮ ಪೋಲೊ ಕುದುರೆಗಳಿಗೂ ಆಗಬಾರದೇಕೆ ಎಂಬುದು ಅವರ ಪ್ರಶ್ನೆ. ಲಾಯದಿಂದ ನಾಯಿಗೂಡಿಗೆ ಬರಲು ಮತ್ತೆ ದಶಕಗಳೇ ಬೇಕಾದವು. ಪ್ರಾಣಿಗಳ ಪುನಶ್ಚೇತನ ಚಿಕಿತ್ಸೆಯ ಮೊದಲ ಅಂತರರಾಷ್ಟ್ರೀಯ ಗೋಷ್ಠಿ ನಡೆದದ್ದು 1999ರಲ್ಲಿ, ಅಮೆರಿಕದ ಆರಿಗನ್ ರಾಜ್ಯದಲ್ಲಿ. ಅಲ್ಲಿ ಅದು ಪ್ರತ್ಯೇಕ ತಜ್ಞ ವಿಭಾಗವೆಂದು ಮಾನ್ಯತೆ ಪಡೆದದ್ದು 2010ರಲ್ಲಿ.

ಈ ಚಿಕಿತ್ಸೆಯ ಆಕರ್ಷಣೆಯೆಂದರೆ ನೀರಿನ ಟ್ರೆಡ್‌ಮಿಲ್. ಗಾಜಿನ ತೊಟ್ಟಿಯ ತಳದಲ್ಲಿ ಪಟ್ಟಿ ಸರಿಯುತ್ತಿರುತ್ತದೆ, ನಾಯಿ ಬೆಚ್ಚಗಿನ ನೀರಲ್ಲಿ ನಡೆಯುತ್ತದೆ. ನೀರು ಮೈಯನ್ನು ಎಷ್ಟು ಎತ್ತಿ ಹಿಡಿಯುತ್ತದೆ ಎಂಬುದನ್ನು 2010ರ ಒಂದು ಅಧ್ಯಯನ ಅಳೆಯಿತು. ನೀರು ಮಂಡಿಯ ಮಟ್ಟಕ್ಕಿದ್ದರೆ ಕಾಲುಗಳ ಮೇಲೆ ಬೀಳುವ ಭಾರ ಮೈತೂಕದ ಶೇ 85, ಸೊಂಟದ ಕೀಲಿನ ಮಟ್ಟಕ್ಕೆ ಬಂದರೆ ಶೇ 38 ಮಾತ್ರ. ಭಾರ ಇಳಿಯುತ್ತದೆ, ಆದರೆ ನೀರನ್ನು ಸೀಳಿಕೊಂಡು ಹೋಗಬೇಕಾದ್ದರಿಂದ ಸ್ನಾಯುವಿನ ದುಡಿಮೆ ತಪ್ಪುವುದಿಲ್ಲ. ಕೀಲಿಗೆ ಪೆಟ್ಟಿಲ್ಲದೆ ಸ್ನಾಯುವಿಗೆ ಕಸರತ್ತು.

ಇಂಥ ತೊಟ್ಟಿ ಎಲ್ಲ ಊರಲ್ಲೂ ಇಲ್ಲ. ಇಲ್ಲದಿದ್ದರೆ ದಾರಿಯೇ ಇಲ್ಲವೆಂದಲ್ಲ. ಹಗ್ಗ ಹಿಡಿದು ನಿಧಾನ ನಡೆಸುವುದು, ನಾಯಿ ಸುಧಾರಿಸಿದಂತೆ ಸಣ್ಣ ಏರಿನಲ್ಲಿ ನಡೆಸುವುದು, ನೆಲದಿಂದ ತುಸು ಮೇಲೆ ಇಟ್ಟ ಕೋಲುಗಳನ್ನು ದಾಟಿಸುವುದು, ಕೂರಿಸಿ ಏಳಿಸುವುದು ಇವೆಲ್ಲ ಮನೆಯಲ್ಲೇ ಆಗುವಂಥವು. ಕೂತೇಳುವ ಅಭ್ಯಾಸವನ್ನು ಗೋಡೆಯ ಮೂಲೆಯಲ್ಲಿ ಮಾಡಿಸಿದರೆ ಕಾಲು ಹೊರಕ್ಕೆ ಜಾರುವುದಿಲ್ಲ. ಮೊದಲು ಬಿಸಿ ಶಾಖ, ಮುಗಿದ ಮೇಲೆ ತಣ್ಣನೆಯ ಪಟ್ಟಿ. ದಿನಕ್ಕೆ ಎಷ್ಟು, ಯಾವುದು ಎಂಬುದನ್ನು ಮಾತ್ರ ನಾಯಿಯನ್ನು ನೋಡಿದ ಪಶುವೈದ್ಯರೇ ಹೇಳಬೇಕು. ಭಾನುವಾರ ಒಮ್ಮೆಗೇ ಮೈದಾನದಲ್ಲಿ ಚೆಂಡೆಸೆದು ಓಡಿಸಿದರೆ ವಾರದ ಶ್ರಮವೆಲ್ಲ ನೀರುಪಾಲು.

ಇದೆಲ್ಲಕ್ಕಿಂತ ಕಷ್ಟದ್ದು ತಟ್ಟೆಯ ಕೆಲಸ. ಸೊಂಟದ ಸಂಧಿವಾತವಿದ್ದ 9 ದಪ್ಪ ನಾಯಿಗಳ ತೂಕವನ್ನು ಶೇ 11ರಿಂದ 18ರಷ್ಟು ಇಳಿಸಿದಾಗ ಕುಂಟು ಕಡಿಮೆಯಾಯಿತೆಂದು 2000ದಲ್ಲಿ ವರದಿಯಾಯಿತು. ಇನ್ನೊಂದು ಅಧ್ಯಯನದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಜೋಡಿಯಾಗಿ ಸಾಕಿ, ಪ್ರತಿ ಜೋಡಿಯಲ್ಲೂ ಒಂದಕ್ಕೆ ಕಾಲು ಭಾಗ ಕಡಿಮೆ ಆಹಾರ ಕೊಡಲಾಯಿತು. ಕಡಿಮೆ ತಿಂದವುಗಳಲ್ಲಿ ಸೊಂಟದ ದೋಷ ಕಡಿಮೆ. ಅಷ್ಟೇ ಅಲ್ಲ, ಅವುಗಳ ಮಧ್ಯಕ ಆಯಸ್ಸು 13 ವರ್ಷ, ಉಳಿದವುಗಳದು 11.2 ವರ್ಷವೆಂದು 2002ರಲ್ಲಿ ಪ್ರಕಟವಾಯಿತು. ಅಜ್ಜಿಯದೊಂದು ಚಪಾತಿ ತುಂಡು, ಮೊಮ್ಮಗನದೊಂದು ಬಿಸ್ಕತ್ತು ಎಂದು ಬೀಳುತ್ತಲೇ ಇರುವ ಮನೆಯಲ್ಲಿ ಈ ಲೆಕ್ಕ ಇಡುವುದು ಸುಲಭವಲ್ಲ.

ನಾರ್ವೆಯಲ್ಲಿ ಸುಮಾರು 500 ಮರಿಗಳನ್ನು ಅನುಸರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಮಾತು ಹೇಳಿತು. ಮೊದಲ ಮೂರು ತಿಂಗಳು ದಿನವೂ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ದೋಷ ಹೆಚ್ಚು, ಹೊರಗಿನ ಮೆತ್ತನೆ ನೆಲದಲ್ಲಿ ಸ್ವಚ್ಛಂದವಾಗಿ ಆಡಿದವುಗಳಲ್ಲಿ ಕಡಿಮೆ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಕಾಲಡಿಗೆ ಸಿಗುವುದು ಕನ್ನಡಿಯಂಥ ಟೈಲ್ಸ್ ಇಲ್ಲವೇ ಗ್ರಾನೈಟ್. ದೋಷ ಈಗಾಗಲೇ ಇರುವ ನಾಯಿಗೆ ಅದರ ಮೇಲೆ ಊಟದ ಬಟ್ಟಲಿನಿಂದ ಬಾಗಿಲವರೆಗೆ ಒಂದು ರಬ್ಬರ್ ಚಾಪೆ ಹಾಸಿಕೊಟ್ಟರೂ ಏಳುವಾಗ ಕಾಲು ನಿಲ್ಲುತ್ತದೆ.