ಖರ್ಜೂರದ ಗರಿ ಹೆಣೆದವರ ಒಳಹೋರಾಟ

ಕೈರೋದಿಂದ ಅಲೆಕ್ಸಾಂಡ್ರಿಯಕ್ಕೆ ಹೋಗುವ ಮರುಭೂಮಿ ರಸ್ತೆಯ ಬದಿಯಲ್ಲಿ ವಾದಿ ನತ್ರೂನ್ ಎಂಬ ತಗ್ಗು ಪ್ರದೇಶವಿದೆ. ಹಿಂದೆ ಇದನ್ನು ಸ್ಕೇಟಿಸ್ ಎನ್ನುತ್ತಿದ್ದರು. ಸುಮಾರು 330ರಲ್ಲಿ ಮಕಾರಿಯಸ್ ಎಂಬವರು ಇಲ್ಲಿ ಗುಡಿಸಲು ಹಾಕಿದರು. ಅದಕ್ಕೆ ಮೊದಲು ಅವರು ಒಂಟೆಗಳ ಮೇಲೆ ಸೋಡಾ ಉಪ್ಪು ಸಾಗಿಸುತ್ತಿದ್ದವರು. ಅವರ ಹಿಂದೆಯೇ ಇನ್ನೂ ಅನೇಕ ಕ್ರೈಸ್ತ ಸನ್ಯಾಸಿಗಳು ಬಂದು ನೆಲೆಸಿದರು. ಖರ್ಜೂರದ ಗರಿ ನೆನೆಸಿ, ಹಗ್ಗ ಹೊಸೆದು, ಬುಟ್ಟಿ ಚಾಪೆ ಹೆಣೆದು ಮಾರುವುದು ಅವರ ಕಸುಬು. ಸುಗ್ಗಿಯಲ್ಲಿ ನೈಲ್ ಬಯಲಿಗಿಳಿದು ಕೂಲಿಗೆ ಕೊಯ್ಲು ಮಾಡುವುದೂ ಇತ್ತು.

ಕೈ ಗರಿ ಹೆಣೆಯುತ್ತಿದ್ದಾಗ ಮನಸ್ಸು ಏನು ಮಾಡುತ್ತಿತ್ತು? ಇದನ್ನು ಕೂತು ಬರೆದವರು ಇವಾಗ್ರಿಯಸ್. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹೆಸರು ಮಾಡಿದ್ದ ಪಂಡಿತ. ಅಲ್ಲಿ ವಿವಾಹಿತ ಸ್ತ್ರೀಯೊಬ್ಬಳ ಮೇಲಿನ ಮೋಹಕ್ಕೆ ಹೆದರಿ ಊರು ಬಿಟ್ಟರು. ಜೆರುಸಲೇಮಿನಲ್ಲಿ ಕಾಯಿಲೆ ಬಿದ್ದು, ಕೊನೆಗೆ ಈಜಿಪ್ಟ್ ಸೇರಿದರು. ಸ್ಕೇಟಿಸ್‌ಗೆ ಉತ್ತರದಲ್ಲಿರುವ ಕೆಲ್ಲಿಯಾದಲ್ಲಿ ಪುಸ್ತಕ ನಕಲು ಮಾಡಿ ಹೊಟ್ಟೆ ಹೊರೆಯುತ್ತ 399ರವರೆಗೆ ಬಾಳಿದರು. ಮನುಷ್ಯನನ್ನು ಕಾಡುವ ಎಂಟು ಕೆಟ್ಟ ಆಲೋಚನೆಗಳನ್ನು ಅವರು ಪಟ್ಟಿ ಮಾಡಿದರು. ಹೊಟ್ಟೆಬಾಕತನದಿಂದ ಶುರುವಾಗುವ ಆ ಪಟ್ಟಿಯಲ್ಲಿ ಕೊನೆಯ ಎರಡು: ಹೊಗಳಿಕೆಯ ಹಂಬಲ ಮತ್ತು ಅಹಂಕಾರ.

ಆ ಎರಡನ್ನೂ ಅವರು ಬೇರೆ ಬೇರೆಯಾಗಿಯೇ ಇಟ್ಟರು. ಉಳಿದ ಆಲೋಚನೆಗಳನ್ನು ಗೆದ್ದವನ ಗೆಲುವನ್ನೇ ತಿಂದು ಹೊಗಳಿಕೆಯ ಹಂಬಲ ಬೆಳೆಯುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಉಪವಾಸ ಮಾಡಿದವನಿಗೆ ಉಪವಾಸದ ಹೆಮ್ಮೆ. ಅದನ್ನು ಮುಚ್ಚಿಟ್ಟವನಿಗೆ ಮುಚ್ಚಿಟ್ಟದ್ದರ ಹೆಮ್ಮೆ. ಇವಾಗ್ರಿಯಸರ ವಿಚಾರಗಳನ್ನು ಪಶ್ಚಿಮಕ್ಕೆ ಒಯ್ದ ಜಾನ್ ಕಾಸಿಯನ್ ಇದನ್ನು ಈರುಳ್ಳಿಗೆ ಹೋಲಿಸಿದರು: ಒಂದು ಪದರ ಸುಲಿದರೆ ಇನ್ನೊಂದು. ಅವರು ಹೇಳುವ ಒಂದು ಪ್ರಸಂಗ ಸ್ಕೇಟಿಸ್‌ನದೇ. ಹಿರಿಯರೊಬ್ಬರು ಕಿರಿಯನ ಗುಡಿಸಲಿಗೆ ಹೋದಾಗ ಒಳಗೆ ಮಾತು ಕೇಳಿಸಿತು. ಓದುತ್ತಿರಬಹುದೆಂದು ಬಾಗಿಲಲ್ಲೇ ನಿಂತರು. ಕಿರಿಯ ಒಬ್ಬನೇ ಇದ್ದ. ತುಂಬಿದ ಚರ್ಚಿನ ಮುಂದೆ ನಿಂತವನಂತೆ ಪ್ರವಚನ ಮಾಡಿ, ದೀಕ್ಷಾಸ್ನಾನಕ್ಕೆ ಕಾದಿರುವ ದೀಕ್ಷಾರ್ಥಿಗಳಿಗೆ ಹೊರಡಲು ಅಪ್ಪಣೆಯನ್ನೂ ಕೊಡುತ್ತಿದ್ದ. ಮನುಷ್ಯರಿಲ್ಲದ ಮರಳಿನಲ್ಲೂ ಸಭೆಯನ್ನು ಕಲ್ಪಿಸಿಕೊಳ್ಳುವ ಮನಸ್ಸು ಅದು. ಹದಿನಾರು ಶತಮಾನಗಳಾದರೂ ಅದು ನಮ್ಮದೇ ಮನಸ್ಸು.

ಈ ಹಂಬಲಕ್ಕೆ ಸನ್ಯಾಸಿಗಳು ಹುಡುಕಿದ ಮದ್ದು ಕೆಲಸದಲ್ಲೇ ಇತ್ತು. ಅರ್ಸೇನಿಯಸ್ ರೋಮ್ ಚಕ್ರವರ್ತಿಯ ಮಕ್ಕಳಿಗೆ ಪಾಠ ಹೇಳಿದ್ದವರೆಂದು ಪ್ರತೀತಿ. ಸ್ಕೇಟಿಸ್‌ನಲ್ಲಿ ಅವರು ಗರಿ ನೆನೆಸುವ ನೀರನ್ನು ವರ್ಷಕ್ಕೊಮ್ಮೆ ಮಾತ್ರ ಬದಲಿಸುತ್ತಿದ್ದರು. ಅರಮನೆಯಲ್ಲಿ ಸವಿದ ಸುಗಂಧಕ್ಕೆ ಪ್ರತಿಯಾಗಿ ಈ ನಾತ ಸಹಿಸಬೇಕು ಎನ್ನುವುದು ಅವರ ಲೆಕ್ಕ. ತಮ್ಮ ಆಲೋಚನೆಗಳ ಬಗ್ಗೆ ಈಜಿಪ್ಟಿನ ರೈತ ಮೂಲದ ಮುದಿ ಸನ್ಯಾಸಿಯೊಬ್ಬನಲ್ಲಿ ಒಮ್ಮೆ ಸಲಹೆಯನ್ನೂ ಕೇಳಿದರು. ಇಷ್ಟು ಓದಿದ ನೀವು ಅವನನ್ನು ಕೇಳುವುದೇ ಎಂದರೆ, ಲ್ಯಾಟಿನ್, ಗ್ರೀಕ್ ಬಲ್ಲೆ, ಆ ರೈತನ ಅಕ್ಷರಮಾಲೆ ಮಾತ್ರ ನನಗಿನ್ನೂ ಬಂದಿಲ್ಲ ಎಂದರಂತೆ.

ದರೋಡೆಕೋರನಾಗಿದ್ದು ಸನ್ಯಾಸಿಯಾದ ಕಪ್ಪುವರ್ಣದ ಮೋಶೆಯ ಕಥೆ ಇದಕ್ಕಿಂತ ಹರಿತ. ತಪ್ಪು ಮಾಡಿದ ಸಹೋದರನೊಬ್ಬನ ವಿಚಾರಣೆಗೆ ಕರೆದಾಗ ಅವರು ಸೋರುವ ಕೊಡ ಹೊತ್ತು ಬಂದರು. ನನ್ನ ಪಾಪ ಹೀಗೆಯೇ ಹಿಂದೆ ಸುರಿಯುತ್ತಿದೆ, ನನಗೆ ಕಾಣುತ್ತಿಲ್ಲ, ಆದರೂ ಇನ್ನೊಬ್ಬನ ನ್ಯಾಯ ಹೇಳಲು ಬಂದಿದ್ದೇನೆ ಎಂದರು. ಅದನ್ನು ಕೇಳಿದ ಸನ್ಯಾಸಿಗಳು ಸಹೋದರನನ್ನು ಕ್ಷಮಿಸಿದರು.

6ನೆಯ ಶತಮಾನದ ಕೊನೆಯಲ್ಲಿ ಪೋಪ್ ಮಹಾ ಗ್ರೆಗೊರಿ ಈ ಪಟ್ಟಿಯನ್ನು ತಿದ್ದಿದರು. ಅಹಂಕಾರವನ್ನು ಎಲ್ಲ ಪಾಪಗಳ ಬೇರು ಎಂದು ಪ್ರತ್ಯೇಕಿಸಿ ಏಳು ದುರ್ಗುಣಗಳನ್ನು ಎಣಿಸಿದರು. ಮುಂದೆ ಬಳಕೆಗೆ ಬಂದ ಪಟ್ಟಿಯಲ್ಲಿ ಹೊಗಳಿಕೆಯ ಹಂಬಲ ಅಹಂಕಾರದೊಳಗೆ ಕರಗಿಹೋಯಿತು. ಕರ್ನಾಟಕದ ಕಥೋಲಿಕ ಮಕ್ಕಳು ಧರ್ಮೋಪದೇಶದಲ್ಲಿ ಕಲಿಯುವುದೂ ಹೀಗೆ ಬದಲಾದ ಏಳನ್ನೇ. ಹೊಗಳಿಕೆಯ ಹಂಬಲ ಪಟ್ಟಿಯಿಂದ ಮರೆಯಾದದ್ದು ಸಣ್ಣ ನಷ್ಟವಲ್ಲ. ತಾನು ಅಹಂಕಾರಿಯಲ್ಲ ಎಂದು ನಂಬಿದ ಭಕ್ತನಿಗೂ ಹಂಬಲದ ಈ ಪ್ರಶ್ನೆ ತಟ್ಟುತ್ತದೆ. ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಸಿದ್ಧವಾಗುವವರು ಈಗಿನ ಏಳರ ಜೊತೆಗೆ ಇವಾಗ್ರಿಯಸರ ಎಂಟನ್ನೂ ಎದುರಿಗಿಟ್ಟುಕೊಂಡು ತಮ್ಮನ್ನು ಕೇಳಿಕೊಳ್ಳಲಿ.