ವಾಪಸ್ ಹೋಗುವ ದಾರಿ (ಕಂತು 7)

ಹಿಂದಿನ ಕಂತು ಓದಿ ಕೆಲವರು ಕೇಳಿದ್ದಿರಿ: ಮೆಕ್ಸಿಕೋ ಗಡಿಯಿಂದ ಎರಡು ದಿನದ ಡ್ರೈವ್ ದೂರ ಇರುವ ನಾರ್ತ್ ಕೆರೊಲಿನಾದಲ್ಲಿ ಇಷ್ಟೊಂದು ಮೆಕ್ಸಿಕೋದವರು ಯಾಕಿದ್ದಾರೆ?

ಮೊದಲು ಅವರಲ್ಲಿ ಬಹಳ ಜನ ನಮ್ಮಲ್ಲಿ ಗುಳೆ ಹೋಗುವವರ ಹಾಗೆಯೇ ಇದ್ದರು. ಗಂಡಸರು ಮಾತ್ರ ಬಂದು, ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿದು, ಕ್ರಿಸ್‌ಮಸ್‌ಗೆ ಊರಿಗೆ ವಾಪಸ್. 1993ರಲ್ಲಿ ಎಲ್ ಪಾಸೋ, 1994ರಲ್ಲಿ ಸ್ಯಾನ್ ಡಿಯಾಗೋ ಕಡೆ ಗಡಿ ಬಿಗಿಯಾಯಿತು. ಎರಡನೆಯದಕ್ಕೆ 'ಆಪರೇಷನ್ ಗೇಟ್‌ಕೀಪರ್' ಅಂತ ಹೆಸರು. ಬೇಲಿ, ದೀಪ, ಗಸ್ತು ಎಲ್ಲ ಹೆಚ್ಚಾಗಿ, ದಾಟುವವರ ದಾರಿ ಅರಿಜೋನಾದ ಮರುಭೂಮಿಗೆ ಸರಿಯಿತು. ದಾಟಿಸುವ ದಲ್ಲಾಳಿಗಳ ರೇಟು ಏರಿತು. ಗಡಿಯುದ್ದಕ್ಕೂ ಅಂದಿನಿಂದ ಸತ್ತವರು ಸಾವಿರಾರು.

ಒಮ್ಮೆ ಜೀವ ಕೈಲಿ ಹಿಡಿದು ದಾಟಿದವರು ಮತ್ತೆ ಯಾಕೆ ದಾಟುತ್ತಾರೆ? ಊರಿಗೆ ಹೋಗುವುದನ್ನೇ ಬಿಟ್ಟು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಸಾವಿರಾರು ಕುಟುಂಬಗಳನ್ನು ಮಾತಾಡಿಸಿ ತೋರಿಸಿದ್ದೂ ಇದನ್ನೇ: ಕಾವಲು ಹೆಚ್ಚಾದ ಮೇಲೆ ಬರುವವರಿಗಿಂತ ವಾಪಸ್ ಹೋಗುವವರೇ ಕಡಿಮೆಯಾದರು. 1996ರ ಕಾನೂನು ಇನ್ನೊಂದು ಬೀಗ ಹಾಕಿತು. ಕಾಗದವಿಲ್ಲದೆ ಒಂದು ವರ್ಷ ಇದ್ದು ಹೊರಗೆ ಹೋದರೆ ಹತ್ತು ವರ್ಷ ಒಳಗೆ ಬರುವಂತಿಲ್ಲ. ಅವ್ವನ ಮಣ್ಣಿಗೂ ಹೋಗಲಾಗದವರನ್ನು ವಾರ್ಡಿನಲ್ಲಿ ನೋಡಿದ್ದೇನೆ.

ಹಳೇ ದಾರಿ ಮುಚ್ಚಿದ ಮೇಲೆ ಕ್ಯಾಲಿಫೋರ್ನಿಯಾದಲ್ಲೇ ಇಳಿಯಬೇಕು ಅನ್ನುವ ಕಾರಣವೂ ಸಡಿಲವಾಯಿತು. ಬೇಲಿಯೊಂದೇ ಕಾರಣ ಅಲ್ಲ ಬಿಡಿ. 1986ರ ಕಾನೂನಿನಡಿ ಸುಮಾರು 27 ಲಕ್ಷ ಜನಕ್ಕೆ ಕಾಗದ ಸಿಕ್ಕಿತ್ತು, ಅವರು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಇಲ್ಲಿನ ಕೋಳಿ, ಹಂದಿ ಮಾಂಸದ ಕಾರ್ಖಾನೆಗಳಿಗೆ ಆಳು ಬೇಕಿತ್ತು. ನಾರ್ತ್ ಕೆರೊಲಿನಾದಲ್ಲಿ 1990ರಲ್ಲಿ ಸುಮಾರು 77 ಸಾವಿರ ಇದ್ದ ಹಿಸ್ಪ್ಯಾನಿಕ್ ಜನ 2000ಕ್ಕೆ 3 ಲಕ್ಷ 79 ಸಾವಿರ ಆದರು.

ಆ ಕೋಳಿ ಕಾರ್ಖಾನೆಗಳ ಕಥೆ ಮುಂದಿನ ಕಂತಿನಲ್ಲಿ.